ಸಿಂಹಕ್ಕೆ ಮಣ್ಣು

"ಲೇ ಹಂದಿನನ್ಮಗನೆ, ತೊಟ್ಟೀನ ನೆಟ್ಟಗೆ ಹೊತ್ಕೊಳ್ಲಾ! ದೊರೆ ಮುಕುಳಿ ಊರೋ ಜಾಗ ಅದು. ಕೊಂಬೆಗೆ ತಾಗಿ ತಗ್ಗು ಬಿತ್ತೋ, ನಿನ್ ಮುಕುಳಿ ತೊಗಲು ಸುಲ್ದು ತೇಪೆ ಹಾಕ್ತೀನಿ."

ಮೇಸ್ತ್ರಿ ಮಬ್ರೂಕಿ ಬಯ್ಯುತ್ತಿದ್ದದ್ದು ನನ್ನ ತಮ್ಮ ಅಮಿಮೊನನ್ನು. ಪ್ರಿಂಗಲ್ ದೊರೆಯ ಸ್ನಾನದ ತಗಡಿನ ತೊಟ್ಟಿ ಅವನ ತಲೆಯ ಮೇಲಿತ್ತು. ತೊಟ್ಟಿಯೊಳಗೆ ದೊರೆಯ ಬೂಟುಗಳು, ಟೋಪಿಯ ಡಬ್ಬ, ಇಸ್ತ್ರಿಪೆಟ್ಟಿಗೆ, ಅದಕ್ಕೊಂದು ಚೀಲ ಇದ್ದಿಲು. ಬೇಟೆಗೆ ಹೊರಟವನಿಗೆ ಇಸ್ತ್ರಿ ಯಾಕೆ ಅಂತ ನೀವು ಕೇಳಬಹುದು. ಸಾಯುವ ಪ್ರಾಣಿಯ ಮುಂದೆ ಮುದುರಿದ ಅಂಗಿಯಲ್ಲಿ ನಿಲ್ಲಬಾರದಂತೆ. ಅವನ ಖಾಕಿ ಕೋಟಿನ ಎದೆಗೆ ತೋಟಾ ಸಿಕ್ಕಿಸುವ ಪಟ್ಟಿ, ಮೈತುಂಬ ಜೇಬು, ಬೆನ್ನಿನ ಒಳಮಗ್ಗುಲಿಗೆ ಗುಂಡಿ ಹಾಕಿ ಕೂರಿಸಿದ ಕೆಂಪು ಉಣ್ಣೆಯ ಪಟ್ಟಿ. ನಮ್ಮ ಸೀಮೆಯ ಬಿಸಿಲಿಗೆ ಬಿಳಿಯರ ಬೆನ್ನುಮೂಳೆ ಕರಗಿಹೋಗುತ್ತದಂತೆ. ನಮ್ಮ ಬೆನ್ನಿಗೆ ಬಿಸಿಲೂ ಬೀಳುತ್ತಿತ್ತು, ಮಬ್ರೂಕಿಯ ನೀರುಕುದುರೆ ತೊಗಲಿನ ಚಾವಟಿಯೂ ಬೀಳುತ್ತಿತ್ತು. ಕರಗಿದವರನ್ನು ನಾನಂತೂ ಕಾಣೆ.

"ಅಣ್ಣಾ," ಅಂದ ಅಮಿಮೊ, ತೊಟ್ಟಿಯ ಅಡಿಯಿಂದ. "ನಡೆಯೋರು ನಾವು, ಹೊರೋರು ನಾವು. ಈ ನನ್ಮಗ ದಿನಾ ಸಂಜೆ ತೊಟ್ಟೀಲಿ ಕೂತು ಉಜ್ಕೊಳ್ತಾನಲ್ಲ, ಅಷ್ಟು ಕೊಳೆ ಎಲ್ಲಿಂದ ಬತ್ತದೆ?"

"ಹುಟ್ಟಿದಾಗಿಂದ ಐತೆ ಕಣ್ಲಾ. ಮುಚ್ಕೊಂಡು ನಡಿ."

"ನಮ್ಮವ್ಳಿಗೆ ಹೇಳಿದ್ರೆ ನಂಬಾಕಿಲ್ಲ. ಮನೆ ಹೊತ್ಕೊಂಡು ತಿರುಗೋ ಆಮೆ ನೋಡಿದೀನಿ, ಬಚ್ಚಲು ಹೊತ್ಕೊಂಡು ತಿರುಗೋ ಪ್ರಾಣಿ ನೋಡಿಲ್ಲ ಅಂತಾಳೆ."

ಅವನವಳು ಗೆಮ್ ಸೀಮೆಯವಳು. ಮದುವೆಯಾಗಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ನಮ್ಮ ಅಲೆಗೊ ಸೀಮೆಯ ಮುಖಂಡ ಬಿಳಿಯರಿಗೆ ಹೊರೆ ಹೊರುವ ಆಳು ಒಪ್ಪಿಸಬೇಕಿತ್ತು. ತನ್ನ ಮಕ್ಕಳನ್ನು ಬಿಟ್ಟು ಊರವರ ಮಕ್ಕಳನ್ನು ಹಗ್ಗ ಹಾಕಿ ಕಿಸುಮು ಪೇಟೆಗೆ ಅಟ್ಟಿದ್ದ. ಹೊರಡುವಾಗ ನಮ್ಮವ್ವ ನನ್ನ ಕೈ ಹಿಡಿದು, "ಒಬುರಾ, ಕಿರಿಯೋನ್ನ ನೀನೇ ಕರ್ಕಂಬಂದು ನನ್ ಮುಂದೆ ನಿಲ್ಲುಸ್ಬೇಕು" ಅಂದಿದ್ದಳು. ಹೂಂ ಅಂದಿದ್ದೆ.

ಅಂದು ಮಧ್ಯಾಹ್ನ ಮಾರಾ ಹೊಳೆಯ ದಂಡೆಯಲ್ಲಿ ದೊರೆ ಒಂದು ಗಂಡು ಸಿಂಹಕ್ಕೆ ಗುಂಡು ಹೊಡೆದ. ಹಿಂಗಾಲಿಗೆ ಬಿತ್ತು. ಸಿಂಹ ಕುಂಟುತ್ತ ಆಳೆತ್ತರದ ಜೊಂಡಿನೊಳಗೆ ನುಗ್ಗಿತು. ಗಾಯ ಮಾಡಿದವನೇ ಒಳಗೆ ಹೋಗಿ ಮುಗಿಸಬೇಕು, ಅದು ಬಿಳಿಯರೇ ತಮಗೆ ಮಾಡಿಕೊಂಡ ಕಟ್ಟಳೆ. ಪ್ರಿಂಗಲ್ ದೊರೆ ಜೊಂಡನ್ನು ನೋಡಿದ. ಮಡಿಸುವ ಕುರ್ಚಿ ತರಿಸಿ ಕೂತ. ಅವನಿಗೆ ನಮ್ಮ ಕಡೆಯ ಮಾತು ಬರುತ್ತಿದ್ದದ್ದು ಅಪ್ಪಣೆಗೆ ಬೇಕಾದಷ್ಟೇ.

"ಆಳು ಒಳಗೆ. ಶಬ್ದ ಮಾಡು. ಸಿಂಹ ಹೊರಗೆ."

ಮಬ್ರೂಕಿ ಕೈಗೆ ಸಿಕ್ಕವರಿಗೆಲ್ಲ ಪಾತ್ರೆ, ತಟ್ಟೆ, ಡಬ್ಬ ಹಂಚಿದ. ಅಮಿಮೊ ಬರಿಗೈಯಲ್ಲಿ ನಿಂತಿದ್ದ.

"ನೀನ್ಯಾಕ್ಲಾ ನಿಂತೆ? ತೊಟ್ಟಿ ಐತಲ್ಲ, ಬಡ್ಕೊಂಡ್ ಹೋಗು."

"ತಗ್ಗು ಬಿದ್ರೆ ತೊಗಲು ಸುಲೀತೀನಿ ಅಂದ್ಯಲ್ಲ, ಮೇಸ್ತ್ರಿ?"

ಚಾವಟಿ ಅವನ ಕಿವಿಯ ಮೇಲೆ ಬಿತ್ತು. ನಾವು ಸಾಲಾಗಿ ಜೊಂಡಿನೊಳಗೆ ಇಳಿದೆವು. ನನ್ನ ಕೈಯಲ್ಲಿ ದೊರೆಯ ಬಾಣಲೆ. ಎಡಗಡೆ ಅಮಿಮೊನ ತೊಟ್ಟಿ ಡಂ ಡಂ ಅನ್ನುತ್ತಿತ್ತು, ಮದುವೆಮನೆಯ ನಗಾರಿಯ ಹಾಗೆ. ಅವನು ಏನೋ ಹಾಡುತ್ತಿದ್ದ. ಹಾಡು ನಿಂತಿತು. ಜೊಂಡು ಅಲ್ಲಾಡಿತು, ಅಮಿಮೊ ನನ್ನ ಹೆಸರು ಹಿಡಿದು ಕೂಗಿದ, ಹೊರಗಿನಿಂದ ಬಂದೂಕು ಸಿಡಿಯಿತು. ಗುಂಡು ಸಿಂಹಕ್ಕೆ ಬಿತ್ತೋ ಇಲ್ಲವೋ, ತೊಟ್ಟಿಗಂತೂ ಬಿತ್ತು. ನಾನು ಬಾಣಲೆ ಎತ್ತಿಕೊಂಡು ಓಡುವಷ್ಟರಲ್ಲಿ ಅಲ್ಲಿ ತೊಟ್ಟಿ ಮಾತ್ರ ಬೋರಲು ಬಿದ್ದಿತ್ತು. ಮೆತ್ತಗಿನ ಮಣ್ಣಿನಲ್ಲಿ ಅವನನ್ನು ಎಳೆದುಕೊಂಡು ಹೋದ ಗೆರೆ.

ಹೊರಗೆ ಓಡಿ ದೊರೆಯ ಕಾಲು ಹಿಡಿದೆ. "ಇನ್ನೂ ಉಸ್ರು ಇರ್ತದೆ ಬ್ವಾನಾ, ದೊರೇ, ಬಂದೂಕು ತಗೊಂಡು ಬನ್ನಿ, ನಾನ್ ಮುಂದೆ ಓಯ್ತೀನಿ."

ದೊರೆ ಸೂರ್ಯನನ್ನು ನೋಡಿದ. "ನಾಳೆ," ಅಂದ. ಆಮೇಲೆ ತೊಟ್ಟಿಯನ್ನು ತರಿಸಿ ತಿರುಗಿಸಿ ನೋಡಿದ. ತಳದ ಹತ್ತಿರ ಹೆಬ್ಬೆಟ್ಟು ಹಿಡಿಸುವಷ್ಟು ತೂತು. ಅವನ ಮುಖ ಸಿಟ್ಟಿಗೆ ಕೆಂಪಗಾದದ್ದನ್ನು ಅವತ್ತು ನಾನು ನೋಡಿದ್ದು ಆಗಲೇ.

ಸಂಜೆ ಮಬ್ರೂಕಿ ನನ್ನನ್ನು ಹುಡುಕಿಕೊಂಡು ಬಂದ. "ಏಳ್ಲಾ. ದೊರೆ ಸ್ನಾನಕ್ಕೆ ಕೂತವ್ನೆ. ನಿನ್ ತಮ್ಮ ತೊಟ್ಟಿ ಹಾಳ್ ಮಾಡ್ದ, ನೀನ್ ಬಂದು ತೂತು ಮುಚ್ಚು."

ಡೇರೆಯ ಹಿಂದೆ ತೊಟ್ಟಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಹೆಬ್ಬೆಟ್ಟಿಗೆ ಚಿಂದಿ ಸುತ್ತಿ ಆ ತೂತಿಗೆ ಒತ್ತಿ ಹಿಡಿದೆ. ಒಳಗಿನ ನೀರು ಬಿಸಿಯಿತ್ತು. ದೊರೆ ಸೋಪು ಉಜ್ಜಿಕೊಳ್ಳುತ್ತ ಶಿಳ್ಳೆ ಹಾಕುತ್ತಿದ್ದ. ಕತ್ತಿನ ತನಕ ಕೆಂಪು, ಕೆಳಗೆ ಬೇಯಿಸಿದ ಕೋಳಿಯಂಥ ಬಿಳುಪು. ಹೊಳೆದಂಡೆಯ ಜೊಂಡಿನಲ್ಲಿ ಸಿಂಹ ಗುರ್ ಅಂದಿತು. ಉಣ್ಣುವಾಗ ಬೇರೆ ಪ್ರಾಣಿ ಹತ್ತಿರ ಬಂದರೆ ಹಾಗೆ ಗುರುಗುಟ್ಟುತ್ತದೆ. ನಾನು ಅತ್ತ ತಿರುಗಿದೆ, ಬೆರಳು ಸಡಿಲಿ ನೀರು ಸೋರಿತು.

"ಒತ್ತು," ಅಂದ ದೊರೆ.

ಒತ್ತಿದೆ. ಅವನ ತಲೆಯನ್ನು ಹಿಡಿದು ಅದೇ ನೀರಿಗೆ ಯಾಕೆ ಒತ್ತಲಿಲ್ಲ ಎಂದು ಇವತ್ತಿಗೂ ನನ್ನನ್ನು ನಾನು ಉಗಿದುಕೊಳ್ಳುತ್ತೇನೆ. ಚಾವಟಿ ಕಲಿಸಿದ ಪಾಠ ಕೈಬೆರಳಿನ ತನಕ ಇಳಿದಿರುತ್ತದೆ. ಅವನು ಎದ್ದು ಮೈ ಒರೆಸಿಕೊಳ್ಳುವ ತನಕ ನಾನು ಬೆರಳು ತೆಗೆಯಲಿಲ್ಲ.

ಬೆಳಿಗ್ಗೆ ಸಿಂಹ ದೂರ ಹೋಗಿರಲಿಲ್ಲ. ಹೊಟ್ಟೆ ಬಿರಿಯೆ ತಿಂದು, ಕುಂಟುಕಾಲು ಚಾಚಿ ಬಿದ್ದುಕೊಂಡಿತ್ತು. ಏಳಲಾಗದ ಪ್ರಾಣಿಗೆ ದೊರೆ ಹತ್ತಿರದಿಂದ ಎರಡು ಗುಂಡು ಹೊಡೆದ. ಸಿಂಹ ಬಿಟ್ಟದ್ದನ್ನು ಕತ್ತೆಕಿರುಬಗಳು ಒಯ್ದಿದ್ದವು. ನಾನು ಜೊಂಡನ್ನೆಲ್ಲ ಬಗೆದು ನೋಡಿದೆ. ಸಿಕ್ಕಿದ್ದು ಅವನು ತಲೆಗೆ ಇಟ್ಟುಕೊಳ್ಳುತ್ತಿದ್ದ ಬಾಳೆನಾರಿನ ಸಿಂಬಿ ಒಂದೇ.

ಅದನ್ನು ನೋಡಿದ್ದೇ ನನ್ನ ಬಾಯಿಂದ ಗೋಳು ಹೊರಟಿತು. ನಮ್ಮಲ್ಲಿ ಸತ್ತವನಿಗೆ ಊರು ಕೇಳುವ ಹಾಗೆ ಅಳಬೇಕು. ಅಳದೆ ಕಳಿಸಿದರೆ ಅವನು ಹೋಗುವುದಿಲ್ಲ. ಎರಡನೇ ಕೂಗಿಗೆ ಮಬ್ರೂಕಿ ಅಂಗೈಯಿಂದ ನನ್ನ ಬಾಯಿಗೆ ಬಡಿದ.

"ಬಾಯ್ ಮುಚ್ಲಾ! ಹೆಣ್ ಸಿಂಹ ಇಲ್ಲೇ ಎಲ್ಲೋ ಐತಂತೆ, ಗದ್ದಲಕ್ಕೆ ಓಡೋಯ್ತದಂತೆ. ಅತ್ತೋರಿಗೆಲ್ಲ ಚಾವಟಿ ಅಂದವ್ನೆ ದೊರೆ."

ತುಟಿ ಒಡೆದು ರಕ್ತ ಬಂತು. ಅದನ್ನೇ ನುಂಗಿಕೊಂಡೆ. ದೊರೆ ಇಸ್ತ್ರಿ ಮಾಡಿದ ಬೇರೆ ಕೋಟು ತರಿಸಿ ಹಾಕಿಕೊಂಡು, ಸಿಂಹದ ಉಬ್ಬಿದ ಹೊಟ್ಟೆಯ ಮೇಲೆ ಬೂಟುಗಾಲಿಟ್ಟು ಫೋಟೋ ತೆಗೆಸಿಕೊಂಡ. ನನ್ನ ತಮ್ಮನ ಮೇಲೆ ಕಾಲಿಟ್ಟು ನಿಂತ ಅಂತಲೇ ನಾವೆಲ್ಲ ನೋಡಿದ್ದು. ಆಮೇಲೆ ಗಳಕ್ಕೆ ಕಟ್ಟಿ ಹೊರಲು ನಮಗೇ ಹೇಳಿದರು. ಹೊತ್ತೆವು. ಭಾರ ಎಷ್ಟಿತ್ತೆಂದು ಯಾರೂ ಆಡಲಿಲ್ಲ.

ಡೇರೆಯ ಹತ್ತಿರ ಇಳಿಸಿದ ಮೇಲೆ ನಮ್ಮ ಹೊರೆಯಾಳುಗಳಲ್ಲಿ ಹಿರಿಯನಾದ ಒಲಾಂಗ್ ಮುದುಕನ ಸುತ್ತ ಕೂತೆವು.

"ಮರಸೌತೆಕಾಯಿ ತರನಾ?" ಅಂದ ಒಬ್ಬ. ಕೆರೆಯಲ್ಲಿ ಮುಳುಗಿದವನ, ಹೊಳೆಯಲ್ಲಿ ಕೊಚ್ಚಿಹೋದವನ ಹೆಣ ಸಿಗದಿದ್ದರೆ ನಮ್ಮವರು ಆಳುದ್ದದ ಕುಣಿ ತೋಡಿ ಅದರಲ್ಲಿ ಮರಸೌತೆಯ ಉದ್ದನೆಯ ಕಾಯಿಯನ್ನು ಹೆಣದ ಬದಲಿಗೆ ಮಲಗಿಸಿ ಮಣ್ಣು ಕೊಡುತ್ತಾರೆ. ಆಗ ಹೆಂಡತಿ ವಿಧವೆ ಆಗುತ್ತಾಳೆ, ಮನೆ ಗುಡಿಸುತ್ತಾಳೆ, ಬದುಕು ಮುಂದಕ್ಕೆ ಹೋಗುತ್ತದೆ. ಅದಿಲ್ಲದಿದ್ದರೆ ಅವಳು ಅತ್ತ ಸುಮಂಗಲಿಯೂ ಅಲ್ಲ, ಇತ್ತ ಮುಂಡೆಯೂ ಅಲ್ಲ.

ಒಲಾಂಗ್ ತಲೆಯಾಡಿಸಿದ. "ಕಾಯಿ ಹೂಳೋದು ಕಳ್ದೋದೋನಿಗೆ ಕಣ್ರಪ್ಪಾ. ಇವ್ನೆಲ್ಲಿ ಕಳ್ದೋಗವ್ನೆ? ಇಲ್ಲೇ ಅವ್ನಲ್ಲ, ಈ ತೊಗಲೊಳಗೆ. ಗೊತ್ತಿದ್ದೂ ಕಾಯಿ ಹೂಳಿದ್ರೆ ಅವ್ನು ನಗ್ತಾನೆ. ಆಮೇಲೆ ಬಂದು ಕಾಡ್ತಾನೆ."

"ಹಂಗಾದ್ರೆ?"

"ಸಿಂಹಾನೇ ಹೂಳ್ಬೇಕು. ಇದ್ದಂಗೇ."

ನಾನು ಮಬ್ರೂಕಿಯ ಮುಂದೆ ನಿಂತೆ. ಅವನು ಬಯ್ಯಲಿಲ್ಲ, ಅದೇ ಆಶ್ಚರ್ಯ. ಕರಾವಳಿಯಲ್ಲಿ ಗುಲಾಮನಾಗಿ ಮಾರಾಟವಾಗಿದ್ದವನು ಅವನು. ಅವನಪ್ಪನನ್ನು ಹೂಳಿದ ಗುಂಡಿ ಎಲ್ಲಿದೆಯೋ ಅವನಿಗೇ ಗೊತ್ತಿಲ್ಲ. ದೊರೆಯ ಹತ್ತಿರ ಹೋಗಿ ಹೇಳಿದ. ದೊರೆ ಮೊಟ್ಟೆ ತಿನ್ನುತ್ತಿದ್ದ. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಟ್ಟೆ ಅಲ್ಲಾಡುವ ಹಾಗೆ ನಕ್ಕ.

ಮಬ್ರೂಕಿ ವಾಪಸು ಬಂದು ನೆಲ ನೋಡುತ್ತ ಹೇಳಿದ: "ತೊಗಲೂ ತಲೇನೂ ಅವ್ನ ಮನೆ ಗೋಡೆಗಂತೆ. ಮನುಷ್ಯನ್ನ ತಿಂದಿದ್ದು ಅಂದ್ರೆ ಅವ್ರ ಕಡೆ ಬೆಲೆ ಜಾಸ್ತಿಯಂತೆ, ನೋಡೋಕೆ ಜನ ಬತ್ತಾರಂತೆ."

"ಹೊಟ್ಟೆನಾದ್ರೂ ಕೊಡ್ತಾನಾ?"

"ಕೊಡಲ್ಲ. ಅದನ್ನ ಬಯಲಲ್ಲಿ ಹರ್ಡಬೇಕಂತೆ. ವಾಸ್ನೆಗೆ ಕತ್ತೆಕಿರುಬ ಬತ್ತವೆ, ಸಂಜೆ ಹೊಡೀತೀನಿ ಅಂದ. ಅದೂ ನಿನ್ ಕೈಲೇ ಹರಡಿಸ್ಬೇಕಂತೆ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನೊಳಗೆ ಏನೋ ಒಣಗಿ ಗಟ್ಟಿಯಾದ ಹಾಗಾಯಿತು. ಅವ್ವನ ಮುಂದೆ ತಮ್ಮನನ್ನಂತೂ ನಿಲ್ಲಿಸಲಾರೆ, ಮಣ್ಣು ಕೊಟ್ಟೆ ಅಂತಲಾದರೂ ಹೇಳದೆ ಆ ಅಂಗಳಕ್ಕೆ ಕಾಲಿಡುವುದಿಲ್ಲ ಅಂತ ಅಲ್ಲೇ ನಿಶ್ಚಯಿಸಿಕೊಂಡೆ.

ಚರ್ಮ ಸುಲಿಯುವವನು ಕಿಲೊಂಜೊ, ಕಂಬಾ ಬುಡಕಟ್ಟಿನವನು. ನಮ್ಮ ಕುಲವಲ್ಲ, ನಮ್ಮನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಚೂರಿ ಮಸೆದುಕೊಂಡು ಬಂದ. ಸಿಂಹವನ್ನು ನೋಡಿದ, ನನ್ನ ಕೈಯಲ್ಲಿದ್ದ ಸಿಂಬಿ ನೋಡಿದ. ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿದ.

"ನಂಗೆ ಹೊಟ್ಟೆನೋವು ಕಣಪ್ಪ. ಪೊದೆ ಕಡೆ ಹೋಗಿ ಬತ್ತೀನಿ. ನಂದು ಒಸಿ ಹೊತ್ತು ಹಿಡೀತದೆ, ನಿಮ್ಗೆ ಎಷ್ಟು ಬೇಕೋ ಅಷ್ಟು."

ದೊರೆ ಊಟ ಮಾಡಿ ಡೇರೆಯೊಳಗೆ ಅಂಗಾತ ಬಿದ್ದಿದ್ದ, ಗೊರಕೆ ಕೇಳುತ್ತಿತ್ತು. ಡೇರೆಯ ಸುತ್ತ ಕಾಲುವೆ ತೋಡುವ ಗುದ್ದಲಿ ತಂದು ನಾವು ಅಗೆದೆವು. ಮೇಸ್ತ್ರಿ ಎಲ್ಲ ನೋಡುತ್ತ ಬೆನ್ನು ತಿರುಗಿಸಿ ಕೂತು ಕಾಲಿನ ಮುಳ್ಳು ಕೀಳುತ್ತಿದ್ದ. ಮನೆಯಂಗಳದಲ್ಲಿ ಮಲಗಬೇಕಾದ ಹುಡುಗ. ಅಲ್ಲಿಯ ತನಕ ಹೊರಲಾಗದ ಮೇಲೆ ಇದ್ದ ನೆಲವೇ ಮನೆ. ಗಂಡಸಾದ್ದರಿಂದ ಬಲಮಗ್ಗುಲಿಗೆ ಮಲಗಿಸಿದೆವು. ಮುಂಗಾಲು ಮಡಿಸಿದೆವು. ಕೇಸರದಲ್ಲಿ ಅಂಟಿದ ಜೊಂಡನ್ನು ನಾನು ಒಂದೊಂದಾಗಿ ತೆಗೆದೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಗಟ್ಟಿಯಾಗಿ ತುಳಿದೆವು. ಬಾಯಿ ಬಿಟ್ಟು ಅಳುವ ಹಾಗಿರಲಿಲ್ಲ.

ದೊರೆ ಎದ್ದ. ಎಲ್ಲಿ ಚರ್ಮ ಅಂದ. ಹಸಿಮಣ್ಣಿನ ಗುಡ್ಡೆ ನೋಡಿದ.

"ಅಗಿ."

ಯಾರೂ ಅಲುಗಲಿಲ್ಲ. ಬಂದೂಕು ತಂದು ನಮ್ಮೆಡೆಗೆ ಹಿಡಿದ. ಆಮೇಲೆ ಅವನ ಕಣ್ಣು ಡೇರೆಯ ಪಕ್ಕದ ಹೊರೆಗಳ ರಾಶಿಯ ಕಡೆ ಹೋಯಿತು: ತೊಟ್ಟಿ, ಕುರ್ಚಿ, ಸಾರಾಯಿ ಪೆಟ್ಟಿಗೆ, ಹಿಂದೆ ಹೊಡೆದ ಪ್ರಾಣಿಗಳ ಕೊಂಬು, ತೊಗಲು. ಸತ್ತವರು ಹೊರುವುದಿಲ್ಲ. ಬಂದೂಕು ಇಳಿಸಿದ.

"ಚಾವಟಿ. ಅಗೆಯೋ ತನಕ."

"ಯಾರ್ ಮೊದ್ಲು?" ಅಂದ ಮಬ್ರೂಕಿ. ನಾನು ಹೋಗಿ ಗುಡ್ಡೆಯ ಮೇಲೆ ಬೋರಲು ಮಲಗಿದೆ.

"ಲೋ ಒಬುರಾ, ಈಚೆ ಮಲಿಕ್ಕಳ್ಲಾ, ಸಮ ನೆಲ ಐತೆ."

"ಇಲ್ಲೇ ಚೆಂದಾಗದೆ. ಹೊಡಿ."

ಚಾವಟಿಯ ಕೆಳಗೆ ಉಸಿರೆತ್ತದೆ ಇರುವುದು ನಮ್ಮವರ ಪಂತ. ಬೆನ್ನು ಹರಿದರೂ ಹಲ್ಲು ಕಚ್ಚಿ, ಎದ್ದ ಮೇಲೆ ನಕ್ಕು ಹೋಗುತ್ತಿದ್ದೆವು. ಅವತ್ತು ಮೊದಲ ಏಟಿಗೇ ನಾನು ಬಾಯಿ ಬಿಟ್ಟೆ.

"ಓ ಅಮಿಮೋ! ನಮ್ಮವ್ವನ ಕಿರಿಮಗನೇ! ಓ ಗೆಮ್‌ನವಳ ಗಂಡಾ! ನಿನ್ ಅಣ್ಣ ಅಳ್ತಾವ್ನೆ ಕೇಳೋ!"

ದೊರೆಗೆ ಸಮಾಧಾನವಾಯಿತು. ಸೊಂಟಕ್ಕೆ ಕೈಯಿಟ್ಟು ನಿಂತು, ನೋವು ಹತ್ತಿತು ಅನ್ನುವ ಹಾಗೆ ತಲೆಯಾಡಿಸಿದ. ಮಬ್ರೂಕಿ ಹೊಡೆದ. ನಾನು ಸುಖವಾಗಿ ಅತ್ತೆ. ಎರಡು ದಿನದ ಗಂಟಲು ಬಿಚ್ಚಿ ಅತ್ತೆ. ಹಿಂದೆ ನಿಂತವರೂ ದನಿಗೂಡಿಸಿದರು. ಹೊಳೆಯಾಚೆಯಿಂದ ಹಕ್ಕಿಗಳ ಹಿಂಡು ಎದ್ದುಹೋಯಿತು. ದೊರೆಯ ಮುಖದ ಸಮಾಧಾನ ಕೆಟ್ಟಿತು, ಆದರೆ ಏನು ನಡೆಯುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ.

ನಾನು ಏಳುವ ಮೊದಲೇ ಒಲಾಂಗ್ ನನ್ನ ಮಗ್ಗುಲಲ್ಲಿ ಬಂದು ಗುಡ್ಡೆ ತಬ್ಬಿಕೊಂಡು ಮಲಗಿದ. ಮಬ್ರೂಕಿಯ ಕೈ ಮೇಲೆಯೇ ನಿಂತಿತು.

"ಎದ್ದೇಳಪ್ಪ ಮುದುಕಪ್ಪಾ. ನೀ ಬ್ಯಾಡ, ಸತ್ತೋಯ್ತೀಯ."

"ಹೊಡಿಯಪ್ಪ ಮಗನೇ," ಅಂದ ಒಲಾಂಗ್. "ನಾನೂ ಅಳ್ಬೇಕು."

ಹೊಡೆದ. ಮುದುಕನ ಹಿಂದೆ ಇನ್ನೊಬ್ಬ ಅಂಗಿ ಬಿಚ್ಚುತ್ತಿದ್ದ. ದೊರೆ ಮಬ್ರೂಕಿಯನ್ನು ತಳ್ಳಿ, ಕೋಟು ಕಳಚಿ ಎಸೆದು, ತಾನೇ ಗುದ್ದಲಿ ಹಿಡಿದು ಗುಡ್ಡೆಯ ಬದಿಗೆ ಬಂದು ನಿಂತ. ಅಗೆಯಲು ಜಾಗವಿರಲಿಲ್ಲ. ಒಬ್ಬ ಎದ್ದ ಕಡೆ ಇನ್ನೊಬ್ಬ ಮಲಗುತ್ತಿದ್ದ.