ಕೌಂಟರಣ್ಣ ಮೆಚ್ಚಿದ ಪುಸ್ತಕಗಳು

ದರ್ಜಿ ತಾನು ತಂದಿದ್ದ ಪುಸ್ತಕವನ್ನು ಕೌಂಟರಣ್ಣನ ಎದೆಯ ಮೇಲಿಡಲು ಬಾಗಿದಾಗ ಪಟ್ಟಿಯಕ್ಕ ಅವನ ಮುಂಗೈ ಹಿಡಿದಳು.

"ಲೈಬ್ರರಿ ಮುದ್ರೆ ಇದೆ ಅದರ ಮೇಲೆ. ಅದನ್ನೂ ಅವನ ಜೊತೆ ಕಳಿಸಿಬಿಡ್ತೀರಾ?"

"ಅಕ್ಕ, ಅವರೇ ಕೊಟ್ಟಿದ್ದು..."

"ವಾಪಸ್ ಮಾಡಬೇಕಿದ್ದು ಯಾವಾಗ?"

"ಹನ್ನೊಂದು ವರ್ಷ ಆಯ್ತು," ಎಂದು ದರ್ಜಿ ಕಣ್ಣೊರೆಸಿಕೊಂಡ. "ಬಿಟ್ಟಿರೋಕೆ ಆಗಲಿಲ್ಲ ಅಕ್ಕ."

ಕೌಂಟರಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಎಷ್ಟು ಜನ ಸೇರಿದ್ದರೆಂದರೆ, ಗೋಡೆಗಳೇ ಒಂದೊಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟುಕೊಟ್ಟಿದ್ದವು. ಮಂತ್ರಿ ಸತ್ತರೂ ಇಷ್ಟು ಜನ ಬರುವುದಿಲ್ಲ. ಬಂದರೂ ಇಷ್ಟು ಕಣ್ಣೀರು ತರುವುದಿಲ್ಲ. ಸತ್ತವನಾದರೂ ಯಾರು? ಸಾರ್ವಜನಿಕ ಗ್ರಂಥಾಲಯದ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು, ಪುಸ್ತಕಕ್ಕೆ ತಾರೀಖಿನ ಮೊಹರು ಒತ್ತಿದ ಗುಮಾಸ್ತ. ಬಂದವರಲ್ಲಿ ಹಲವರ ಕೈಯಲ್ಲಿ ಅವನು ಓದಿಸಿದ ಒಂದೊಂದು ಪುಸ್ತಕ. ಪಟ್ಟಿಯಕ್ಕ ಗೋಡೆಯ ಪಕ್ಕಕ್ಕೊಂದು ಸ್ಟೂಲು ಎಳೆದು, ಅವರೆಲ್ಲರ ಪುಸ್ತಕವನ್ನೂ ಅದರ ಮೇಲೆ ಇಡಿಸತೊಡಗಿದಳು.

ಅವಳು ಅದೇ ಗ್ರಂಥಾಲಯದ ಹಿಂದಿನ ಕೋಣೆಯವಳು. ಬಂದ ಪುಸ್ತಕಗಳನ್ನೆಲ್ಲ ಪಟ್ಟಿಗೆ ಸೇರಿಸುವುದು ಅವಳ ಕೆಲಸ. ಅವಳು ಓದದ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಅವಳ ಹೊಟ್ಟೆಕಿಚ್ಚಿನ ಮೇಲೆ ಕೊಳಗ ಇಟ್ಟಿದ್ದರೆ ಎರಡು ಮದುವೆಗೆ ಅಡುಗೆ ಆಗಿಬಿಡುತ್ತಿತ್ತು.

"ಈ ಕಡಲ ದೀಪಸ್ತಂಭ ಕಾಯುವವನ ಕಾದಂಬರಿ," ಎಂದು ನರ್ಸೊಬ್ಬಳು ಬಿಕ್ಕಿದಳು. "ನಮ್ಮಮ್ಮ ತೀರಿಕೊಂಡ ತಿಂಗಳು ಇದನ್ನ ಓದಿಲ್ಲದಿದ್ರೆ ನಾನು ಬದುಕ್ತಾನೇ ಇರಲಿಲ್ಲ. ಅಣ್ಣನಿಗೆ ಹೆಂಗೆ ಗೊತ್ತಾಯ್ತು ಅಂತೀನಿ!"

ಪಟ್ಟಿಯಕ್ಕ ಪುಸ್ತಕದೊಳಗಿನ ಚೀಟಿ ನೋಡಿದಳು. 'ಇದನ್ನು ಓದಿ. – ಕೌಂಟರ್'. ಅಕ್ಷರ ತನ್ನದೇ.

*

ಗ್ರಂಥಾಲಯದ ಬಾಗಿಲ ಬಳಿ ಒಂದು ಕಪಾಟು. ಪ್ರತಿ ಸೋಮವಾರ ಸಿಬ್ಬಂದಿಯೆಲ್ಲ ತಮ್ಮ ಮೆಚ್ಚಿನ ಪುಸ್ತಕಗಳಲ್ಲಿ ಚೀಟಿ ಸಿಕ್ಕಿಸಿ ತಂತಮ್ಮ ಸಾಲಿನಲ್ಲಿ ಇಡಬೇಕು. ಚೀಟಿಯ ಕೆಳಗೆ ಹೆಸರಿಲ್ಲ, ಹುದ್ದೆ ಮಾತ್ರ. ಕೌಂಟರಣ್ಣನ ಚೀಟಿಯಲ್ಲಿ ಎರಡೇ ಪದ. ಪಟ್ಟಿಯಕ್ಕನದು ಹದಿನಾಲ್ಕು ಸಾಲು, ಜೊತೆಗೆ ಎರಡು ಅಡಿಟಿಪ್ಪಣಿ. ಮಧ್ಯಾಹ್ನದೊಳಗೆ ಅವನ ಸಾಲು ಬೋಳು. ಅವಳ ಸಾಲಿನ ಮೇಲೆ ಧೂಳು ಎಷ್ಟು ದಪ್ಪ ಕೂರುತ್ತಿತ್ತೆಂದರೆ ಅದರಲ್ಲಿ ಮೂಲಂಗಿ ಬೆಳೆಯಬಹುದಿತ್ತು.

"ನಿನ್ನ ಪುಸ್ತಕ ಒಳ್ಳೇವು ಕಣಮ್ಮ," ಎಂದಿದ್ದ ಕೌಂಟರಣ್ಣ ಒಮ್ಮೆ. "ಚೀಟಿ ಓದೋಷ್ಟರಲ್ಲಿ ಜನಕ್ಕೆ ಹೊಟ್ಟೆ ಹಸಿಯುತ್ತೆ, ಅಷ್ಟೇ."

"ನಿನಗೇನು ಬಿಡು. ಎರಡು ಪದ ಬರೆದು ದೊಡ್ಡ ಮನುಷ್ಯ ಆದೆ."

ಮುಂದಿನ ಸೋಮವಾರ ಅವಳು ಎಲ್ಲರಿಗಿಂತ ಮೊದಲು ಬಂದಳು. ತನ್ನ ಸಾಲಿನಲ್ಲಿ ಆರು ವರ್ಷದಿಂದ ಕೊಳೆಯುತ್ತಿದ್ದ ದೀಪಸ್ತಂಭದ ಕಾದಂಬರಿ ತೆಗೆದು, ಅವನ ಹೆಸರಲ್ಲಿ ಚೀಟಿ ಬರೆದು, ಅವನ ಸಾಲಿನಲ್ಲಿ ನೂಕಿದಳು. ಹತ್ತೂವರೆಗೆ ಪುಸ್ತಕ ಮಾಯ! ಗೆದ್ದೆನೆಂದು ಕುಣಿಯಬೇಕಿತ್ತು. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅದೇ ಪುಸ್ತಕ, ಅದೇ ರಟ್ಟು, ಅದೇ ಕಪಾಟು. ಬೇರೆಯಾಗಿದ್ದದ್ದು ಚೀಟಿಯ ಕೆಳಗಿನ ಒಂದು ಪದ.

ಆದರೂ ಚಟ ಬಿಡಲಿಲ್ಲ. ವಾರಕ್ಕೊಂದರಂತೆ ಹದಿನೆಂಟು ವರ್ಷ.

*

ಸ್ಟೂಲಿನ ಮೇಲೆ ಹದಿಮೂರು ಪುಸ್ತಕಗಳಾದವು. ಪಟ್ಟಿಯಕ್ಕ ಚೀಟಿ ನೋಡುತ್ತಾ ಹೋದಳು: ಒಂಬತ್ತು ಅವಳವು.

ನಿವೃತ್ತ ಹೆಡ್‌ಮೇಡಂ ಕುರ್ಚಿಯಿಂದ ಎದ್ದು ಗಂಟಲು ಸರಿಮಾಡಿಕೊಂಡರು. "ಇಡೀ ಊರಿಗೆ ಓದೋದು ಕಲಿಸಿದವಳು ನಾನು. ಏನು ಓದಬೇಕು ಅಂತ ಕಲಿಸಿದವರು ಇವರು. ಇವರ ಹಾಗೆ ಪುಸ್ತಕದ ರುಚಿ ಗೊತ್ತಿದ್ದವರು ಇನ್ನೊಬ್ಬರು..."

"ಅದು ನಂದು!"

ಎಲ್ಲರ ತಲೆ ಅತ್ತ ತಿರುಗಿತು. ಪಟ್ಟಿಯಕ್ಕ ದೀಪಸ್ತಂಭದ ಪುಸ್ತಕವನ್ನು ಎತ್ತಿ ಹಿಡಿದಿದ್ದಳು. "ಇದು ನಾನು ಹೇಳಿದ್ದು. ಆ ಜೇನುಗೂಡಿನ ಪುಸ್ತಕವೂ ನಂದೇ. ಒಂಬತ್ತು ನಂದು. ಚೀಟಿ ಬರೆದೋಳು ನಾನು, ಅವನಲ್ಲ!"

ದರ್ಜಿ ಅವಳ ಭುಜದ ಮೇಲೆ ಕೈಯಿಟ್ಟ.

"ನಂಗೂ ಹಂಗೇ ಅನ್ಸುತ್ತೆ ಅಕ್ಕ. ಅವರು ಕೊಟ್ಟ ಪುಸ್ತಕ ನಂದೇ ಅಂತ."

"ಪಾಪ, ಮೂವತ್ತು ವರ್ಷ ಜೊತೆಗಿದ್ದೋರು," ಎಂದಳು ನರ್ಸು. "ಯಾರಾದ್ರೂ ನೀರು ಕೊಡಿ."

ಲೋಟ ಬಂತು. ಲೋಕದಲ್ಲಿ ಇಷ್ಟು ಕಹಿಯಾದ ನೀರನ್ನು ಯಾರೂ ಕುಡಿದಿರಲಿಕ್ಕಿಲ್ಲ. ಹೊತ್ತಾಯಿತೆಂದು ನಾಲ್ಕು ಜನ ಹೆಗಲು ಕೊಟ್ಟರು. ಉಳಿದವರು ಅವರ ಹಿಂದೆ ಹೊರಗಿನ ಗಾಡಿಯತ್ತ ನಡೆದರು. ಕೋಣೆಯಲ್ಲಿ ಉಳಿದವರು ಇಬ್ಬರೇ: ಪಟ್ಟಿಯಕ್ಕ, ಮತ್ತು ಬೆಳಗಿನಿಂದ ತುಟಿ ಬಿಚ್ಚದೆ ಕೂತಿದ್ದ ಕೌಂಟರಣ್ಣನ ಹೆಂಡತಿ.

"ಹಾಗಾದ್ರೆ ಅದು ನೀವೇನಾ?" ಎಂದರು ಆಕೆ.

ಪಟ್ಟಿಯಕ್ಕ ಲೋಟ ಕೆಳಗಿಟ್ಟಳು.

"ಜನ ಬಂದು ಇವರನ್ನ ಹೊಗಳೋರು. ಇವರು ಆ ಪುಸ್ತಕ ಕಂಡೇ ಇರ್ತಿರಲಿಲ್ಲ. ಮರ್ಯಾದೆ ಹೋಗುತ್ತಲ್ಲ? ಅದು ವಾಪಸ್ ಬಂದ ದಿನವೇ ಮನೆಗೆ ತರೋರು. ತಟ್ಟೆ ಪಕ್ಕ ಪುಸ್ತಕ ಇಟ್ಟುಕೊಂಡೇ ಊಟ. ಬೇಗ ಓದಿ ಮುಗಿಸಬೇಕು, ನಾಳೆ ಯಾರಾದ್ರೂ ಕೇಳ್ತಾರೆ ಅನ್ನೋರು. ಯಾರ್ರೀ ಅದು ನಿಮ್ಮ ಹೆಸರಲ್ಲಿ ಪುಸ್ತಕ ಇಡೋರು ಅಂದ್ರೆ, ನಗೋರು." ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಆ ನಗು ನೋಡಿ ನಂಗೆ ಮೈಯೆಲ್ಲ ಉರಿಯೋದು. ಹೆಣ್ಣೇ ಇರಬೇಕು ಅಂದ್ಕೊಂಡಿದ್ದೆ."

"ಹೆಣ್ಣೇ," ಎಂದಳು ಪಟ್ಟಿಯಕ್ಕ. ಹಾಗೆಂದು, ಇಂಥ ದಿನ ಕೇಳಬಾರದ್ದನ್ನು ಕೇಳಿಯೇಬಿಟ್ಟಳು. "ದೀಪಸ್ತಂಭದ್ದು ಓದಿ ಏನಂದ್ರು?"

"ಏನೂ ಅನ್ನಲಿಲ್ಲ. ಎರಡು ದಿನ ನನ್ನ ಜೊತೆ ಮಾತೇ ಇಲ್ಲ. ಕಿಟಕಿ ಹತ್ರ ಕೂತೇ ಇದ್ರು."

ಪಟ್ಟಿಯಕ್ಕನ ಎದೆ ಉಬ್ಬಿತು, ಉಬ್ಬಿದ್ದಕ್ಕೆ ನಾಚಿಕೆಯಾಯಿತು, ಆದರೂ ಇಳಿಯಲಿಲ್ಲ.

"ನಾನು ಹಠಕ್ಕೆ ಒಂದನ್ನೂ ಮುಟ್ಟಲಿಲ್ಲ," ಎಂದರು ಆಕೆ. "ನನಗೆ ಸಿಗಬೇಕಾದ ಮಾತೆಲ್ಲ ಅದರೊಳಗೆ ಹೋಗ್ತಿತ್ತಲ್ಲ. ಏನಿತ್ತು ಅಂಥಾದ್ದು?"

ಪಟ್ಟಿಯಕ್ಕ ಸ್ಟೂಲಿನ ಮುಂದೆ ನಿಂತಳು. ಒಂಬತ್ತರ ಬೆನ್ನ ಮೇಲೂ ಬೆರಳಾಡಿಸಿದಳು. ಒಂದನ್ನು ಎಳೆದಳು, ಒಳಗೆ ನೂಕಿದಳು, ಇನ್ನೊಂದನ್ನು ಎಳೆದಳು. ಕೊನೆಗೆ ಮೂಲೆ ಸವೆದ ಒಂದು ತೆಳು ಪುಸ್ತಕವನ್ನು ತೆಗೆದು, ಅದರೊಳಗಿನ ಚೀಟಿಯನ್ನು ಕಿತ್ತು, ಆಕೆಯ ಕೈಗೆ ಕೊಟ್ಟಳು.

ಹೊರಗೆ ಗಾಡಿಯವನು ಹಾರ್ನ್ ಒತ್ತಿದ.

"ಅತ್ತಿಗೆ, ಎಲ್ಲರೂ ಕಾಯ್ತಿದ್ದಾರೆ!" ಯಾರೋ ಬಾಗಿಲಿಂದ ಕೂಗಿದರು.

ಆಕೆ ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಮೊದಲ ಸಾಲಿನ ಕೆಳಗೆ ಬೆರಳಿಟ್ಟಿದ್ದರು. ತುಟಿ ಮೆಲ್ಲಗೆ ಅಲುಗುತ್ತಿತ್ತು. ಹಾರ್ನ್ ಮತ್ತೆ ಕೂಗಿತು. ಆಕೆ ತಲೆಯೆತ್ತದೆ ಪುಟ ತಿರುಗಿಸಿದರು.