ಲೆಕ್ಕಕ್ಕೆ ಹಿಡಿಯದ ಗೋಲು

ನಾಲ್ಕನೇ ಇಯತ್ತೆಯ ಮಾಲತೇಶನಿಗೆ ಒಂಬತ್ತು ವರ್ಷ. ಮೇಡ್ಲೇರಿಯ ಶಾಲೆಯ ಬಯಲಿನಲ್ಲಿ ಫುಟ್‌ಬಾಲಿನ ಕಾಯಿದೆ ಮಾಡುವವನು ಅವನೇ. ಹುಡುಗಿಯರನ್ನೂ ಆಟಕ್ಕೆ ಸೇರಿಸಿಕೊಳ್ಳಬೇಕೆಂದು ನಲಿನಿ ಟೀಚರ್ ಹುಕುಂ ಮಾಡಿದಾಗ ಅವನು ಒಲ್ಲೆ ಅನ್ನಲಿಲ್ಲ. ಟೀಚರ್ ಒಳಗೆ ಹೋದ ಮೇಲೆ ತನ್ನದೊಂದು ಕಾಯಿದೆ ಸೇರಿಸಿದ.

"ಹುಡುಗ್ಯಾರು ಬೇಕಾದ್ರ ಆಡ್ಲಿ. ಆದ್ರ ಹುಡುಗಿ ಹೊಡದ ಗೋಲು ಲೆಕ್ಕಕ್ಕ ಹಿಡಿಯಂಗಿಲ್ಲ."

ಎದುರಾಳಿಗಳಾದ ಐದನೇ ಇಯತ್ತೆಯವರೂ ಒಪ್ಪಿದರು. ದೊಡ್ಡವರು ವರ್ಷಗಟ್ಟಲೆ ಸಭೆ ಕೂಡಿ ಮಾಡುವ ಜಾಣತನವನ್ನು ಈ ಚೋಟುದ್ದದವರು ಬೇವಿನ ಗಿಡದ ಕೆಳಗೆ ನಿಂತುಕೊಂಡೇ ಮಾಡಿ ಮುಗಿಸಿದ್ದರು.

ಉಳಿದ ಹುಡುಗಿಯರು ಬೇಸತ್ತು ಕುಂಟೆಬಿಲ್ಲೆಗೆ ಮರಳಿದರು. ಮಾಲತೇಶನ ವರ್ಗದ ಮಹೇಶ್ವರಿ ಮಾತ್ರ ಮರಳಲಿಲ್ಲ. ದಿನಾ ಗೋಲು ಹೊಡೆಯುತ್ತಿದ್ದಳು, ದಿನಾ ಅದು ಸೊನ್ನೆ. ಒಂದಾದರೂ ಲೆಕ್ಕಕ್ಕೆ ಬರಬೇಕೆಂಬ ಹಟ ಊಟದ ತಾಟಿನ ಮುಂದೆ ಕೂತಾಗಲೂ ಅವಳನ್ನು ಬಿಡುತ್ತಿರಲಿಲ್ಲ. ಬೆಲೆಯಿಲ್ಲದ ಗೋಲನ್ನು ತಡೆಯುವ ಉಸಾಬರಿ ಯಾರಿಗೆ ಬೇಕು? ಚೆಂಡು ಅವಳ ಕಾಲಿಗೆ ಬಂದರೆ ಐದನೇ ಇಯತ್ತೆಯವರು ಸೊಂಟದ ಮೇಲೆ ಕೈಯಿಟ್ಟು ದಣಿವಾರಿಸಿಕೊಳ್ಳುತ್ತಿದ್ದರು.

ಶನಿವಾರ ಎರಡೂ ಇಯತ್ತೆಗಳಿಗೆ ಪಂದ್ಯ ಇಟ್ಟರು. ಸೀಟಿ ಊದುವವರು ನಲಿನಿ ಟೀಚರ್. ಎರಡೂ ಕಡೆ ಸೇರಿ ಹುಡುಗಿ ಅಂದರೆ ಮಹೇಶ್ವರಿ ಒಬ್ಬಳೇ.

ಎರಡು-ಎರಡು ಆಗಿತ್ತು. ಇನ್ನೇನು ಆಟ ಮುಗಿಯಬೇಕು, ಚೆಂಡು ಮಹೇಶ್ವರಿಯ ಕಾಲಿಗೆ ಬಂತು. ರೂಢಿ ಅನ್ನುವುದು ಕೆಟ್ಟದ್ದು ನೋಡಿ, ಐದನೇ ಇಯತ್ತೆಯವರು ಎಲ್ಲಿದ್ದರೋ ಅಲ್ಲೇ ನಿಂತರು. ಗೋಲು ಕಾಯುವ ಮೈಲೇಶ ಚಡ್ಡಿ ಏರಿಸಿಕೊಳ್ಳುತ್ತಿದ್ದ. ಅವಳು ಎರಡು ಕಲ್ಲುಗಳ ನಡುವೆ ಚೆಂಡನ್ನು ನಿರಾಳವಾಗಿ ದಾಟಿಸಿದಳು. ಟೀಚರ್ ಸೀಟಿ ಊದಿದರು.

"ಅದು ಹುಡುಗಿ ಗೋಲ್ರಿ ಟೀಚರ್, ಹಿಡಿಯಂಗಿಲ್ಲ," ಎಂದ ಮೈಲೇಶ.

"ಯಾಕ ಹಿಡಿಯಂಗಿಲ್ಲ? ಹಿಡೀಬೇಕ್ರಿ," ಎಂದು ಎಲ್ಲರಿಗಿಂತ ಮೊದಲು ಓಡಿಬಂದವನು ಯಾರು? ನಮ್ಮ ಮಾಲತೇಶನೇ.

"ಕಾಯಿದೆ ಮಾಡಿದಾಂವ ನೀನ ಅಲ್ಲೇನಲೇ?"

ಮಾಲತೇಶನ ಕಿವಿ ಕೆಂಪಾದವು. ಟೀಚರಿಗೆ ಆಗ ಎಲ್ಲ ತಿಳಿಯಿತು. ಅವರು ಬಾಯಿ ತೆರೆಯುವ ಮೊದಲೇ ಮಹೇಶ್ವರಿ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮಾಲತೇಶನ ಎದುರು ನಿಂತಳು.

"ಇವತ್ತಷ್ಟ ಹಿಡೀತೀರೋ, ದಿನಾ ಹಿಡೀತೀರೋ?"

ಅವನು ತನ್ನ ತಂಡದ ಕಡೆ ನೋಡಿದ. ಎಲ್ಲರಿಗೂ ಗೆಲುವು ಬೇಕಾಗಿತ್ತು.

"ದಿನಾ," ಎಂದು ಗೊಣಗಿದ.

"ಜೋರಾಗಿ ಹೇಳು. ಅಲ್ಲಿ ಕುಂಟೆಬಿಲ್ಲೆ ಆಡೋರಿಗೂ ಕೇಳ್ಲಿ."

"ದಿನಾ ಹಿಡೀತೀವಿ. ಯಾವ ಹುಡುಗಿ ಹೊಡದ್ರೂ ಹಿಡೀತೀವಿ."

ಟೀಚರ್ ಕೈಯೆತ್ತಿ ಮೂರು-ಎರಡು ಎಂದರು. ಹುಡುಗಿಯರು ಹಾಕಿದ ಕೇಕೆಗೆ ಬಿಸಿಯೂಟದ ಮರಿಯವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಮಹೇಶ್ವರಿಗೆ ಅಳುವೂ ಬಂತು, ನಗುವೂ ಬಂತು. ಅಂಥ ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

ಸೋಮವಾರ ಪಾಠಗಳ ನಡುವಿನ ಸಣ್ಣ ಸೂಟಿಯಲ್ಲಿ ಮತ್ತೆ ಆಟ. ಐದನೇ ಇಯತ್ತೆಯ ಇಬ್ಬರು ದಾಂಡಿಗರು ಮೊದಲಿನಿಂದಲೇ ಮಹೇಶ್ವರಿಯ ಬೆನ್ನು ಹತ್ತಿದರು. ಎತ್ತ ಓಡಿದರೂ ಅಡ್ಡ ಬಂದರು. ಒಮ್ಮೆ ಮುಗ್ಗರಿಸಿ ಬಿದ್ದಳು. ಒಂದು ಗೋಲೂ ಆಗಲಿಲ್ಲ.

ಗಂಟೆ ಹೊಡೆಯಿತು. ಮೊಣಕಾಲಿನ ಮಣ್ಣು ಕೊಡವುತ್ತ, ಅಂದೇ ಕುಂಟೆಬಿಲ್ಲೆ ಬಿಟ್ಟು ಆಟಕ್ಕೆ ಬಂದಿದ್ದ ಸಿಮ್ರಾನಳಿಗೆ ಅವಳು ಹೆಮ್ಮೆಯಿಂದ ಹೇಳಿದಳು:

"ನೋಡಿದಿಲ್ಲೋ? ನನ್ನ ತಡ್ಯಾಕ ಇಬ್ಬರು ಬೇಕಾದ್ರು."