ತುಕಡಿಯ ಚರಿತ್ರೆ ಬರೆಯಲು ಕೂತ ಜಯರಾಮಯ್ಯ

ಮಧುಗಿರಿಯ ಮೀಸಲು ತುಕಡಿಗೆ ಹತ್ತು ವರ್ಷ ತುಂಬಿದ್ದು ೧೯೮೪ರಲ್ಲಿ. ಅದರ ಚರಿತ್ರೆಯನ್ನು ನಾಲ್ಕು ಪುಟ ಬರೆದುಕೊಡಿ ಎಂದು ಮೇಲಿನವರು ಕೇಳಿದ್ದು ಹವಾಲ್ದಾರ್ ಜಯರಾಮಯ್ಯನವರನ್ನು. ಇನ್ಯಾರನ್ನು ಕೇಳಿಯಾರು? ಸೈನ್ಯದಿಂದ ನಿವೃತ್ತರಾಗಿ ಬಂದು, ಕವಾಯತು ಕಲಿಸುವ ಉಸ್ತಾದರನ್ನು ತಯಾರು ಮಾಡಲೆಂದೇ ಈ ತುಕಡಿಯನ್ನು ಕಟ್ಟಿ ಬೆಳೆಸಿದವರು ಅವರೇ. ಶಿರಾ, ಕೊರಟಗೆರೆ, ಪಾವಗಡದ ಯಾವ ಮೈದಾನದಲ್ಲಿ ಬೂಟಿನ ಸದ್ದಾದರೂ ಅಲ್ಲಿ ನಿಂತು ಕೂಗುವವನು ಇವರ ಶಿಷ್ಯನೇ.

ಮೂರು ಪುಟ ನೀರು ಕುಡಿದಷ್ಟು ಸಲೀಸಾಗಿ ಬಂತು. ಕೊನೆಗೆಂದು ಉಳಿಸಿಕೊಂಡಿದ್ದ, ೧೯೭೪ರ ಉಸ್ತಾದರ ಮೊದಲ ಪರೀಕ್ಷೆಯ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಒಂಬತ್ತು ಜನ ಪಾಸು, ಒಬ್ಬ ಫೇಲು ಎಂದು ಬರೆದರೆ ಮುಗಿಯಿತು, ಯಾರೂ ಕೆದಕುವುದಿಲ್ಲ. ಆದರೆ ಆ ಫೇಲಾದವನು ಬಿಟ್ಟು ಹೋಗಿರಲಿಲ್ಲವಲ್ಲ. ಹತ್ತು ವರ್ಷದಿಂದ ಪ್ರತಿ ಭಾನುವಾರ ಪುರವರದ ಕಡೆಯ ಹಟ್ಟಿಯಿಂದ ಮೊದಲ ಬಸ್ಸಿಗೆ ಬಂದು ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದ. ಹೆಸರು ಓಬಳಪ್ಪ, ಕುರಿ ಕಾಯುವವನು. ಗುಡ್ಡದ ಆಚೆ ಮಗ್ಗುಲಿನ ಕುರಿಯನ್ನು ಈಚೆಯಿಂದಲೇ ತಿರುಗಿಸುವ ಗಂಟಲು ಅವನದು. ಅಂಥ ಗಂಟಲನ್ನು ಜಯರಾಮಯ್ಯ ಸೈನ್ಯದಲ್ಲೂ ಕೇಳಿರಲಿಲ್ಲ.

ನಡೆಯುವ ಸಾಲನ್ನು ನಿಲ್ಲಿಸಲು ‘ಥಮ್’ ಎನ್ನಬೇಕು, ಅದೂ ಎಡಗಾಲು ನೆಲ ಮುಟ್ಟುವಾಗಲೇ ಎನ್ನಬೇಕು. ಬಲಗಾಲಿಗೆ ಅಂದರೆ ಸಾಲು ಮುಗ್ಗರಿಸುತ್ತದೆ, ಉಸ್ತಾದನಾಗಲು ಬಂದವನು ಮನೆಯ ದಾರಿ ಹಿಡಿಯುತ್ತಾನೆ. ಅಂದು ಸಾಲು ನಡೆಸುವ ಸರದಿ ಬಂದಾಗ ಓಬಳಪ್ಪ ಕೂಗಿದ್ದು ಎಡಗಾಲಿಗೇ. ಸಾಲಿನ ಮುಂದೆ ನಡೆಯುತ್ತಿದ್ದ ಕದಿರಯ್ಯ ಎತ್ತಲೋ ನೋಡುತ್ತಾ ಒಂದು ಹೆಜ್ಜೆ ಹೆಚ್ಚಿಗೆ ಇಟ್ಟ. ಹಿಂದಿನವರಲ್ಲಿ ಕೆಲವರು ನಿಂತರು, ಕೆಲವರು ಅವನ ಜೊತೆ ನಡೆದರು, ಸಾಲು ಸಂತೆಯಾಯಿತು. ಈ ಕದಿರಯ್ಯ ಜಯರಾಮಯ್ಯನವರ ಹೆಂಡತಿಯ ತಮ್ಮ, ಅವನಿಗೂ ಅವತ್ತೇ ಪರೀಕ್ಷೆ, ತಪ್ಪು ಅವನದೆಂದರೆ ಫೇಲಾಗುವವನು ಅವನೇ. ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ ಕಾಗದದಿಂದ ತಲೆ ಎತ್ತಿ, “ಯಾವ ಕಾಲಿಗೆ ಹೇಳಿದ?” ಎಂದು ಜಯರಾಮಯ್ಯನವರನ್ನು ಕೇಳಿದರು.

“ಬಲಗಾಲಿಗೆ ಸಾರ್.”

ಅಷ್ಟೇ. ಯುದ್ಧ ಕಂಡು ಬಂದ ಮನುಷ್ಯ ಹೆಂಡತಿ ಮುಖ ಗಂಟಿಕ್ಕಿಕೊಂಡಾಳೆಂದು ಸುಳ್ಳು ಹೇಳಿದರು ಎಂದು ನೀವು ನಗಬಹುದು. ಅವರಿಗೆ ಮಾತ್ರ ನಗು ಬರಲಿಲ್ಲ. ಕದಿರಯ್ಯ ಕೊರಟಗೆರೆಯ ಉಸ್ತಾದನಾಗಿ ಮೀಸೆ ತಿರುವಿಕೊಂಡು ಓಡಾಡುವುದನ್ನು ಕಂಡಾಗಲೆಲ್ಲ ಅವರು ದಾರಿ ಬದಲಿಸುತ್ತಿದ್ದರು. ಓಬಳಪ್ಪ ಎದುರಿಗೆ ಬಂದು ಸೆಲ್ಯೂಟ್ ಹೊಡೆದರೆ ಅವನ ಕಣ್ಣು ನೋಡಲು ಆಗುತ್ತಿರಲಿಲ್ಲ.

ಈ ಸಲ ಬಚ್ಚಿಡುವುದು ಬೇಡ ಎನಿಸಿತು. ಭಾನುವಾರ ಕವಾಯತು ಮುಗಿದ ಮೇಲೆ ಓಬಳಪ್ಪನನ್ನು ಹುಣಸೆಮರದ ಕೆಳಗೆ ಕರೆದರು.

“ಓಬಳಪ್ಪ, ಆ ಪರೀಕ್ಷೆ ದಿವ್ಸ ನೀನು ಎಡಗಾಲಿಗೇ ಹೇಳಿದ್ದೆ ಕಣಪ್ಪ. ಹೆಜ್ಜೆ ತಪ್ಪಿದ್ದು ಕದಿರಯ್ಯ. ಗೊತ್ತಿದ್ದೂ ನಾನು ಸುಳ್ಳು ಹೇಳ್ಬುಟ್ಟೆ. ಈಗ ಚರಿತ್ರೆನಾಗೆ ಅದನ್ನ ಬರೀತೀನಿ.”

ಬೈದರೆ ಬೈಸಿಕೊಳ್ಳಲು, ಕೈ ಎತ್ತಿದರೆ ಹೊಡೆಸಿಕೊಳ್ಳಲು ಅವರು ತಯಾರಾಗಿಯೇ ಬಂದಿದ್ದರು. ಓಬಳಪ್ಪ ಎರಡನ್ನೂ ಮಾಡಲಿಲ್ಲ. ತನ್ನ ಬೂಟನ್ನೇ ನೋಡುತ್ತಾ ಹೇಳಿದ.

“ನಂಗೂ ಎಡಗಾಲು ಅಂತ್ಲೇ ಅನ್ಸಿತ್ತು ಸಾ. ನೀವು ಬಲಗಾಲು ಅಂದ್ರಿ. ಉಸ್ತಾದ್ರು ಸುಳ್ಳು ಹೇಳ್ತಾರಾ, ನನ್ನ ಕಣ್ಣೇ ಸರಿಗಿಲ್ಲ ಅಂದ್ಕಂಡೆ.”

“ಮತ್ತೆ ಇಷ್ಟು ವರ್ಷ ಯಾಕಪ್ಪ ಬರ್ತಿದ್ದೆ?”

“ತಪ್ಪು ತಿದ್ಕಳಾಕೆ ಸಾ. ಹಿಂದ್ಲ ಸಾಲ್ನಾಗೆ ನಿಂತ್ರೆ ಎಲ್ಲಾರ ಕಾಲೂ ಕಾಣ್ತವೆ. ವಾರವಾರ ನೋಡ್ದೆ. ನಾನು ಎಲ್ಲಿ ತಪ್ದೆ ಅಂತ ಇವತ್ತಿನಗಂಟ ಸಿಗ್ಲೇ ಇಲ್ಲ.” ಆಮೇಲೆ ರಜೆ ಕೇಳುವವನಂತೆ ಕೇಳಿದ: “ಅಂಗಾರೆ ಇನ್ನ ನಾನು ಬರಾದು ಬ್ಯಾಡ ಅಲ್ವಾ ಸಾ?”

ಉತ್ತರಕ್ಕೆ ಕಾಯದೆ ಓಬಳಪ್ಪ ಸೆಲ್ಯೂಟ್ ಹೊಡೆದು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಜಯರಾಮಯ್ಯ ಅಲ್ಲೇ ಮರದ ಬುಡದಲ್ಲಿ ಕೂತು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ತಾವು ಹೇಳಿದ ಸುಳ್ಳನ್ನು ತಮ್ಮ ಹೆಸರಿನ ಸಮೇತ ಬರೆದು ರುಜು ಹಾಕಿದರು.

ಮುಂದಿನ ಭಾನುವಾರ ಹಾಜರಿ ಕರೆಯುವಾಗ ಓಬಳಪ್ಪನ ಹೆಸರಿಗೆ ಯಾರೂ ಓಗೊಡಲಿಲ್ಲ. ಜಯರಾಮಯ್ಯ ಇನ್ನೊಂದು ಸಲ ಕರೆದರು.